ನ್ಯೂಟ್ರಲ್‌ನಲ್ಲಿ ನಿಂತ ಕಾರಿಗೆ ನೀವು ಹಾಕಿದ ಬೀಗ

ಸಾರ್ವಜನಿಕ ಪಾರ್ಕಿಂಗಿನ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ಪುಣೆಯ ಯೆರವಡಾದ ಡಯಾಲಿಸಿಸ್ ಕೇಂದ್ರದ ಪಕ್ಕದ ಪಾರ್ಕಿಂಗ್ ಜಾಗಕ್ಕೆ ನೀವು ತಂದ ಹೊಸ ನಿಯಮದಿಂದಾಗಿ ನನ್ನ ಹೆಂಡತಿ ಗೌರಾಬಾಯಿ ಚಿಕಿತ್ಸೆಗೆ ಹೋಗುವುದನ್ನೇ ಬಿಟ್ಟಿದ್ದಾಳೆ. ಇದನ್ನು ಮರಾಠಿಯಲ್ಲಿ ಬರೆದುಕೊಟ್ಟೆ, ನೀವು ಓದಲಿಲ್ಲ. ಮಗಳು ರೇಣು ಇಂಗ್ಲಿಷಿನಲ್ಲಿ ಬರೆದು ಕಳಿಸಿದಳು, ಅದನ್ನೂ ಓದಲಿಲ್ಲ. ಹೇಗೂ ಓದುವುದಿಲ್ಲವೆಂದ ಮೇಲೆ, ನನಗೆ ಚೆನ್ನಾಗಿ ಬೈಯಲು ಬರುವ ಭಾಷೆಯಲ್ಲೇ ಬರೆಯೋಣವೆಂದು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಶುಲ್ಕ ಏರಿಸಿದಿರಿ. ಅದು ನಿಮ್ಮ ಹುಟ್ಟುಗುಣ, ತಕರಾರಿಲ್ಲ. ಆದರೆ ನಮ್ಮ ನ್ಯೂಟ್ರಲ್ ಪದ್ಧತಿಗೆ ಏಕೆ ಕೈ ಹಾಕಿದಿರಿ? ನಿಮ್ಮ ಕಾರನ್ನು ನಿಲ್ಲಿಸುವವರು ಬೇರೆ ಇರುವುದರಿಂದ ವಿವರಿಸಿಯೇ ಹೇಳುತ್ತೇನೆ. ಅಲ್ಲಿ ಜಾಗ ಅಂಗೈಯಗಲ. ಆದ್ದರಿಂದ ಕಾರಿಗೆ ಕಾರು ಅಡ್ಡ ನಿಲ್ಲುತ್ತದೆ. ಅಡ್ಡ ನಿಲ್ಲಿಸಿದವರು ಹ್ಯಾಂಡ್ ಬ್ರೇಕ್ ಎಳೆಯದೆ, ಗೇರನ್ನು ನ್ಯೂಟ್ರಲ್‌ಗೆ ತಂದು ಒಳಗೆ ಹೋಗುತ್ತಾರೆ. ಹಿಂದಿನ ಕಾರು ಹೊರಡುವಾಗ ಅಲ್ಲಿದ್ದವರು ಅಡ್ಡ ನಿಂತದ್ದನ್ನು ತಳ್ಳಿ ಸರಿಸುತ್ತಾರೆ. ವಿಮಾನ ನಗರದ ಟೈ ಕಟ್ಟಿದ ಸಾಹೇಬರು ನನ್ನ ಹಳೆಯ ಕಾರನ್ನು ತಳ್ಳಿದ್ದಾರೆ. ಅವರ ಆನೆಯಂಥ ಕಾರನ್ನು ನಾನು ಸೊಂಟ ಹಿಡಿದುಕೊಂಡೇ ತಳ್ಳಿದ್ದೇನೆ. ಎಲ್ಲರ ಮನೆಯವರೂ ಒಳಗೆ ಅದೇ ಯಂತ್ರಕ್ಕೆ ಕೈ ಕೊಟ್ಟು ಮಲಗಿರುವಾಗ ನಮ್ಮಲ್ಲಿ ಜಗಳವೇ ಹುಟ್ಟುತ್ತಿರಲಿಲ್ಲ.

ಒಮ್ಮೆ ಯಾರದೋ ಕಾರು ಉರುಳಿ ಗೋಡೆಗೆ ತಾಗಿ ದೀಪ ಒಡೆಯಿತಂತೆ. ನೆಗಡಿ ಬಂತೆಂದು ನೀವು ಮೂಗನ್ನೇ ಕೊಯ್ದಿರಿ. ಇನ್ನು ಮುಂದೆ ಎಲ್ಲ ಕಾರುಗಳಿಗೂ ಹ್ಯಾಂಡ್ ಬ್ರೇಕ್ ಕಡ್ಡಾಯ, ಬೇರೆಯವರ ಕಾರು ತಳ್ಳುವುದು ಅಪರಾಧ, ತಪ್ಪಿದರೆ ಗಾಲಿಗೆ ಬೀಗ!

ನಿಯಮ ಬಂದ ಮೇಲೆ ಒಂದು ದಿನ ನನಗೆ ಬಿಳಿ ಗೆರೆಯೊಳಗೇ ಜಾಗ ಸಿಕ್ಕಿತ್ತು. ಆದರೂ ಕೈ ಹಳೆಯ ರೂಢಿಯಂತೆ ಹ್ಯಾಂಡ್ ಬ್ರೇಕ್ ಎಳೆಯದೆ ಗೇರನ್ನು ನ್ಯೂಟ್ರಲ್‌ಗೆ ತಂದುಬಿಟ್ಟಿತು. ನಿಮ್ಮ ತಪಾಸಣೆಯವರು ಬಂದು ಕಾರನ್ನು ತಳ್ಳಿ ನೋಡಿದರಂತೆ. ತಳ್ಳುವುದು ಅಪರಾಧವಲ್ಲವೇ, ಸ್ವಾಮಿ? ಕಾರು ಅಲುಗಿತು, ಬೀಗ ಬಿತ್ತು.

ರಕ್ತ ಸೋಸಿಕೊಂಡು ಹೊರಬಂದಾಗ ಗೌರಾಬಾಯಿಯ ಬಿಪಿ ಇಳಿದಿರುತ್ತದೆ, ನಿಲ್ಲಲಾಗುವುದಿಲ್ಲ. ಪಾರ್ಕಿಂಗ್ ನೋಡಿಕೊಳ್ಳುವ ಮಧುಕರನನ್ನು ಬೇಡಿಕೊಂಡೆ. "ಕಾಕಾ, ಚಾವಿ ಮಾಝ್ಯಾಕಡೆ ನಾಹೀ," ಎಂದ ಪಾಪ. ಕೀಲಿ ಅವನ ಹತ್ತಿರವಿಲ್ಲ, ನಿಮ್ಮ ಕಚೇರಿಯಲ್ಲಿ; ತರುವವರು ಊಟಕ್ಕೆ ಹೋಗಿದ್ದರು. ರಿಕ್ಷಾದವರು ಆಕೆಯ ಮುಖ ನೋಡಿ ನಿಲ್ಲಿಸದೆ ಮುಂದೆ ಹೋದರು. ಎಸಿ ಕೆಟ್ಟ ಕಾರಿನೊಳಗೆ ಕಾದ ಹಂಚಿನ ಮೇಲಿಟ್ಟ ಹಾಗೆ ಮಲಗಿಸಿದೆ. ಆಕೆ ವಾಂತಿ ಮಾಡಿಕೊಂಡಳು. ಗೊತ್ತಿದ್ದವರು ರೂಢಿಯಂತೆ ಓಡಿ ಬಂದು ಕಾರಿಗೆ ಕೈ ಹಚ್ಚಿದರು, ಆಮೇಲೆ ಬೀಗ ನೋಡಿ ಕೈ ತೆಗೆದರು. ಅಷ್ಟು ಜನರ ಮುಂದೆ ಆಕೆ ಸೆರಗಿನಿಂದ ಬಾಯಿ ಒರೆಸಿಕೊಳ್ಳುವುದನ್ನು ನೋಡಿ ನನಗೆ ಅಳು ಬಂತು.

ಕೊನೆಗೆ ಬೀಗ ತೆಗೆಸಿಕೊಂಡು ಸಂಜೆ ಮನೆಗೆ ಬಂದ ಮೇಲೆ ಆಕೆ ಹೇಳಿದಳು: "ಮಂದಿ ಮುಂದ ಹಿಂಗ ಬೀಳೂದು ಸಾಕಾತ್ರಿ. ಸತ್ರ ಮನ್ಯಾಗ ಸಾಯ್ತೀನಿ, ಇನ್ನ ಅಲ್ಲಿಗೆ ಬರಾಂಗಿಲ್ಲ."

"ಹಂಗನ್ನಬ್ಯಾಡ ಗೌರಾ. ಮತ್ತ ಹಂಗ ಆಗೂದಿಲ್ಲ," ಎಂದೆ.

"ನೀವು ಅಂದ್ರ ಆತೇನ್ರಿ? ಬೀಗ ನಿಮ್ಮ ಕೈಯಾಗ ಅದ ಏನು?"

ಮುಂದಿನ ಡಯಾಲಿಸಿಸ್ ದಿನ ರೇಣು ಕಾಲು ಹಿಡಿದು ಕೇಳಿದರೂ ಆಕೆ ಎದ್ದು ಬರಲಿಲ್ಲ. ಡಾಕ್ಟರು ಫೋನಿನಲ್ಲೇ ಬೈದರು. ಅದೇ ಹೊತ್ತಿಗೆ ನಿಮ್ಮಿಂದ ಸಂದೇಶ ಬಂತು: "ನಿಮ್ಮ ದೂರು ಬಗೆಹರಿದಿದೆ. ಸೇವೆ ಹೇಗಿತ್ತು ತಿಳಿಸಿ."

ನಿಯಮ ಹಿಂತೆಗೆದುಕೊಳ್ಳಿ ಎಂದು ಕೇಳುವಷ್ಟು ಹುಚ್ಚು ನನಗಿಲ್ಲ. ಬೀಗದ ಕೀಲಿಯೊಂದನ್ನು ಮಧುಕರನ ಹತ್ತಿರ ಇಡಿಸಿ, ಸಾಕು. ಅದೂ ಆಗಲಿಕ್ಕಿಲ್ಲ, ಗೊತ್ತು. ಸಮಿತಿ ಕೂಡಬೇಕು, ಸಹಿ ಬೀಳಬೇಕು. ನಾನು ಕಾಯಬಲ್ಲೆ. ಆದರೆ ಚಿಕಿತ್ಸೆ ತಪ್ಪಿ ಮೈಯಲ್ಲಿ ನೀರು ನಿಂತು, ಇವತ್ತು ಬೆಳಿಗ್ಗೆ ಆಕೆಯ ಕೈ ಬಾತು ಬಳೆಗಳು ಇಳಿಯಲಿಲ್ಲ. ಸಾಬೂನು ಹಚ್ಚಿ ಎಳೆದರೂ ಬರಲಿಲ್ಲ, ಒಡೆಯಲು ಆಕೆ ಬಿಡಲಿಲ್ಲ. "ಇರ್ಲಿ ಬಿಡ್ರಿ, ನೀವಿರೂತನಕ ಇರ್ಲಿ," ಎಂದಳು.

ಇಂತಿ,
ನಿಮ್ಮ ಕಡತದಲ್ಲಿ ದೂರು ಬಗೆಹರಿದಿರುವ
ಈರಣ್ಣ, ಬಟ್ಟೆ ವ್ಯಾಪಾರಿ, ಪುಣೆ