ಅಕ್ಕನ ಅಳತೆಯ ಬೈಕು

ಶನಿವಾರ, ಮಾರ್ಚ್ ೧೬

ಹಿಂದಿನ ಮಡ್‌ಗಾರ್ಡ್ ಇನ್ನೂ ಕೂದಲೆಳೆಯಷ್ಟು ಓರೆಯಾಗಿದೆ. ಇರಲಿ, ನಾಳೆ ನೋಡಿದರಾಯಿತು.

ಅಪ್ಪನ ನಲವತ್ತು ವರ್ಷದ ಜಪಾನಿ ಬೈಕು ಅಕ್ಕನಿಗೆ ಎತ್ತರವಾಗಿತ್ತು. ಸಿಗ್ನಲ್ಲಿನಲ್ಲಿ ಒಮ್ಮೆ ಬಿದ್ದ ಮೇಲೆ ಅವಳು ಅದನ್ನು ಮುಟ್ಟಿರಲಿಲ್ಲ. ‘ತಗ್ಗಿಸಿದ್ರೆ ಗಾಡಿ ಅಂದಗೆಡುತ್ತೆ’ ಎಂದು ನನಗೆ ಕೆಲಸ ಕಲಿಸಿದ ಮೇಸ್ತ್ರಿ ಎಚ್ಚರಿಸಿದ್ದರು. ಹಿಂದೆ ಮುಂದೆ ಎರಡೂ ಕಡೆ ಎರಡಿಂಚು ತಗ್ಗಿಸಿ, ಸೀಟಿನ ಸ್ಪಂಜು ಕೊರೆದು, ಟ್ಯಾಂಕಿನಿಂದ ಹಿಂದಿನ ದೀಪದವರೆಗೆ ಒಂದೇ ಗೆರೆ ಹರಿಯುವಂತೆ ಮಾಡಿದೆ. ಇವತ್ತು ಮೇಸ್ತ್ರಿ ಅದಕ್ಕೆ ಎರಡು ಸುತ್ತು ಹಾಕಿ, ‘ಹುಟ್ಟಿದ್ದೇ ಹೀಗೆ ಅನ್ನೋ ಹಾಗಿದೆ’ ಎಂದರು.

ಅಕ್ಕ ಹತ್ತಿ ಕೂತಳು. ಎರಡೂ ಪಾದ ಪೂರ್ತಿ ನೆಲಕ್ಕೂರಿದವು. ಬೀದಿಯ ಕೊನೆವರೆಗೆ ಹೋಗಿಬರುತ್ತೇನೆ ಎಂದವಳು ಗಂಟೆಯಾದರೂ ಬರಲಿಲ್ಲ. ಕೊನೆಗೆ ಫೋನ್ ಬಂತು: ‘ಪೆಟ್ರೋಲ್ ಖಾಲಿ ಕಣೋ. ಬೇಗ ತಗೊಂಡ್ಬಾ, ಇನ್ನೂ ಸ್ವಲ್ಪ ದೂರ ಹೋಗ್ಬೇಕು.’

ಕ್ಯಾನು ಹಿಡಿದು ಓಡಿದೆ. ಇಷ್ಟು ಎದೆಯುಬ್ಬಿಸಿಕೊಂಡು ಪೆಟ್ರೋಲ್ ಹೊತ್ತವರು ಬೇರೆ ಯಾರೂ ಇರಲಿಕ್ಕಿಲ್ಲ.