ಹಸಿ ಕಸದಲ್ಲಿ ಸಿಕ್ಕ ಶಾಲು

ಪ್ರೀತಿಯ ಅಕ್ಕಾ,

ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ನಿಮ್ಮ ಬೀದಿಯ ಚೀಲವೊಂದು ಸೋಮವಾರ ಬೆಳಿಗ್ಗೆ, ನಾನೂ ಅಮ್ಮನೂ ಹಸಿ ಕಸ ಆರಿಸುವ ಮೇಜಿಗೆ ದಯಮಾಡಿಸಿತು.

ಶಾಲೆಶಾಲೆಗೆ ಹೋಗಿ ಕಸ ಬೇರ್ಪಡಿಸುವ ಬಗ್ಗೆ ನೀನು ಮಾಡುವ ಭಾಷಣ ವ್ಯರ್ಥವಾಗಿಲ್ಲ. ನಿಮ್ಮ ಬೀದಿಯ ಮಕ್ಕಳು ಈಗ ಬಾಟಲಿಯ ಮುಚ್ಚಳವನ್ನೂ ತೊಳೆದು ಕಳಿಸುತ್ತಾರೆ. ಊರಾಚೆಯ ಕಸದ ಗುಡ್ಡೆಗೆ ಹೋಗುವ ಲಾರಿ ಅರ್ಧ ಖಾಲಿ. ನಿನಗೆ ಬಹುಮಾನ ಬಂದದ್ದು ನ್ಯಾಯವೇ. ಆ ಒಂದು ಚೀಲದಲ್ಲಿ ಮಾತ್ರ ಕೊಳೆತ ಟೊಮೆಟೊಗಳ ನಡುವೆ ಉಣ್ಣೆಯ ಶಾಲೊಂದಿತ್ತು. ಮೂಲೆಯಲ್ಲಿ ನಿನ್ನ ಮುದ್ದಿನ ಹೆಸರು, 'ಚಿನ್ನಿ'. ಹೋದ ಚಳಿಗಾಲವಿಡೀ ಅಮ್ಮ ಹೆಣೆದದ್ದು, ಗುರುತು ಸಿಕ್ಕಿರಬಹುದು.

ನಾನು ಬಚ್ಚಿಡುವಷ್ಟರಲ್ಲಿ ಅಮ್ಮ ನೋಡಿಬಿಟ್ಟಳು.

"ಪಾಪ, ಕೈತಪ್ಪಿ ಬಿದ್ದಿರ್ಬೇಕು ಕಣೇ. ಎಷ್ಟು ಹುಡುಕ್ತಿದ್ದಾಳೋ ಏನೋ!"

"ಹೂಂ ಅಮ್ಮ, ಊಟ ನಿದ್ದೆ ಬಿಟ್ಟು ಹುಡುಕ್ತಿರ್ತಾಳೆ" ಎಂದೆ. ನಗಲಿಲ್ಲ. ನನಗೂ ಒಂದು ಬಹುಮಾನ ಕೊಡಿಸಬಹುದು.

ಅಮ್ಮ ಅದನ್ನು ಎರಡು ಸಲ ಒಗೆದಿದ್ದಾಳೆ. ಭಾನುವಾರ ತಾನೇ ತಂದುಕೊಡುತ್ತಾಳಂತೆ. ಮನೆಯಲ್ಲಿ ದೊಡ್ಡ ಜನ ಇದ್ದರೂ ಬಾಗಿಲು ತೆಗೆ, "ಹುಡುಕಿ ಹುಡುಕಿ ಸಾಕಾಯ್ತಮ್ಮ" ಅನ್ನು.

ಮತ್ತೆ ಎಸೆಯುವುದಾದರೆ ಮಾತ್ರ, ದಯವಿಟ್ಟು ಒಣ ಕಸದ ಚೀಲಕ್ಕೆ ಹಾಕು. ಒಣ ಕಸದ ಮೇಜಿನ ಕೆಲಸ ಕೇಳಿ ಪಡೆದಿದ್ದೇನೆ. ನಾಳೆಯಿಂದ ಅಲ್ಲಿ ನಾನೊಬ್ಬಳೇ ಇರುತ್ತೇನೆ.

ಇಂತಿ,
ನಿನ್ನ ತಂಗಿ