ಬಾಣಂತಿಯ ನೀರು

ಇಚಲಕರಂಜಿ
೯ ಜುಲೈ ೨೦೨೫

ಪ್ರೀತಿಯ ಸ್ನೇಹಲ,

ಹೇಗಿದ್ದೀ ಮಗಳೇ? ಕಾಲಿನ ಬಾವು ಇಳಿಯಿತೇ? ಎಂಟು ತಿಂಗಳಾದ ಮೇಲೆ ಬಗ್ಗಿ ಕಸ ಗುಡಿಸಬೇಡ ಎಂದರೂ ಗುಡಿಸುತ್ತಿರುತ್ತೀ, ನನಗೆ ಗೊತ್ತು. ಗಡಹಿಂಗ್ಲಜದಲ್ಲಿ ಬೀಗರೆಲ್ಲ ಆರಾಮಿದ್ದಾರೆಂದು ತಿಳಿಯುತ್ತೇನೆ. ಫೋನಿನಲ್ಲೇ ಹೇಳಬಹುದಿತ್ತು, ನೀನು ಸ್ಪೀಕರ್ ಹಾಕುತ್ತೀ, ಮನೆಯವರೆಲ್ಲ ಕೇಳುತ್ತಾರೆ. ಇದು ಎಲ್ಲರೂ ಕೇಳುವ ಮಾತಲ್ಲ. ಅಮಾವಾಸ್ಯೆ ಕಳೆದ ಮೇಲೆ ನಿನ್ನನ್ನು ಹೆರಿಗೆಗೆ ಕರೆತರಲು ನಿನ್ನ ಅಣ್ಣ ನಿಲೇಶ ಬರುತ್ತಾನೆ ಎಂದಿದ್ದೆ. ಅವನು ಬರುವುದಿಲ್ಲ.

ಮೊದಲೆಲ್ಲ ಜೂನಿನ ಮಿರಗದ ಮಳೆಗೆ ಮುಂಚೆ ಓಣಿಯ ಗಟಾರ ಬಳಿದು ಹೂಳು ತೆಗೆಯುತ್ತಿದ್ದರು. ಈ ವರ್ಷ ಮಳೆ ಮೇ ತಿಂಗಳಲ್ಲೇ ಸುರಿಯಿತು, ಹೂಳು ಹಾಗೇ ಇತ್ತು. "ಅವ್ವಾ, ಗಟಾರ ಉಲ್ಟಾ ಹರ್ಯಾಕತ್ತೈತಿ, ಲಗೂನ ಬಾ!" ಎಂದು ನಿಲೇಶ ಕೂಗಿದ. ಬಚ್ಚಲ ತೂತಿನಿಂದ ಊರ ಹೊಲಸೆಲ್ಲ ಮೇಲೆದ್ದು ಬಂತು. ಬೀಸುಕಲ್ಲು ಹೇರಿದೆ, ಅದರ ಸುತ್ತಲೂ ಗುಳುಗುಳು ಎಂದು ಬಂತು. ನಿನಗೆಂದು ಸುಣ್ಣ ಬಳಿಸಿದ್ದ ಕೋಣೆಯಲ್ಲಿ ಮೊಣಕಾಲೆತ್ತರಕ್ಕೆ ಕಪ್ಪು ಗೆರೆ. ತೊಳೆದೆ. ಮತ್ತೆ ಮಳೆ, ಮತ್ತೆ ಗಟಾರ. ಇನ್ನು ತೋಳಿನಲ್ಲಿ ಬಲವಿಲ್ಲ, ತೊಳೆಯಲು ನೀರೂ ಇಲ್ಲ. ಬೇಸಿಗೆಯಲ್ಲಿ ಹೊಳೆ ಬತ್ತಿತೆಂದು ನಳ ಬರಲಿಲ್ಲ. ಈಗ ಹೊಳೆ ಏರಿ ಪಂಪು ಮುಳುಗಿತೆಂದು ಬರುವುದಿಲ್ಲ. ಬಂದ ದಿನ ಎಷ್ಟು ಕುದಿಸಿದರೂ ವಾಸನೆ ಹೋಗದು. ಆ ನೀರನ್ನು ಹಸುಗೂಸಿನ ನೆತ್ತಿಗೆ ಹೇಗೆ ಹೊಯ್ಯಲಿ?

ನಮ್ಮವ್ವ ಮಗಳನ್ನು ಕೊಟ್ಟ ಮನೆಯ ನೀರು ಮುಟ್ಟಿದವಳಲ್ಲ. ನಾನೂ ಅಷ್ಟೇ. ಮಳೆಗೆ ಮುಂಚೆ ನಿನ್ನ ಸೀಮಂತದ ಕುಬಸ ಮಾಡಲು ಬಂದಾಗಲೂ ತಾಮ್ರದ ತಂಬಿಗೆಯಲ್ಲಿ ನಮ್ಮ ನೀರನ್ನೇ ತಂದಿದ್ದೆ. ನಿನ್ನ ಅತ್ತೆ ಯಮುನಾಬಾಯಿಯವರು ತಂಬಿಗೆ ನೋಡಿ ನಕ್ಕು, "ನಿಮ್ಮೂರಾಗ ನೀರಿನ ತ್ರಾಸ ಭಾಳ ಐತಂತ್ರೀ, ಹೆರಿಗಿ ಇಲ್ಲೇ ಆಗ್ಲಿ" ಎಂದರು. "ಚೊಚ್ಚಲ ಬಾಣಂತನ ತವರಮನ್ಯಾಗ ಆಗಬೇಕ್ರೀ. ನಮ್ಮ ಹಂಡೆ ಇನ್ನೂ ತೂತ ಬಿದ್ದಿಲ್ಲ" ಎಂದು ಮುತ್ತೈದೆಯರೆದುರು ಹೇಳಿಬಂದೆ. ಹಂಡೆ ಈಗಲೂ ಗಟ್ಟಿಯಿದೆ. ತುಂಬಲು ನೀರಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಸುಖವಾಗಿ ಹಡೆದು ಎದ್ದು ಕೂಡು, ಕೂಸು ಗಟ್ಟಿಯಾಗಿರಲಿ. ಬೀಗರಿಗೆ ನಮಸ್ಕಾರ ತಿಳಿಸು.

ನಿನ್ನ ಅವ್ವ,
ನಾಗೂಬಾಯಿ

ತಾ.ಕ.: ಪೋಸ್ಟಿಗೆ ಹಾಕಲು ನಿಲೇಶ ಗಾಡಿ ಚಾಲೂ ಮಾಡಿ ನಿಂತಿದ್ದಾನೆ. ಅಮಾವಾಸ್ಯೆ ಕಳೆದ ಮೇಲೆ ಹಂಡೆ, ನಿನಗೆ ಅಳ್ವಿಕಾಳು, ಕೂಸಿನ ತಲೆಗೆ ಕುಂಚಿಗೆ ಕಟ್ಟಿಕೊಂಡು ನಾನೇ ಬರುತ್ತೇನೆ. ಬಾಣಂತನ ಅಲ್ಲೇ ಮಾಡುತ್ತೇನೆ. ತಂಬಿಗೆ ತರುವುದಿಲ್ಲ. ನನ್ನ ಪಾಲಿನ ನೀರನ್ನೂ ತುಂಬಿಡಲು ಯಮುನಾಬಾಯಿಯವರಿಗೆ ನೀನೇ ಹೇಳು, ನನ್ನ ಬಾಯಿಂದ ಬಾರದು.